ಹಿರಿಯೂರು–ಹೊಸದುರ್ಗ: ನಕ್ಷೆಯಲ್ಲಿ 39 ಕಿ.ಮೀ., ದಾರಿಯಲ್ಲಿ ಎಷ್ಟು?

ಚಿತ್ರದುರ್ಗ: ಹಿರಿಯೂರಿನಿಂದ ಹೊಸದುರ್ಗಕ್ಕೆ ವಿಮಾನದಲ್ಲಿ ಎಷ್ಟು ಹೊತ್ತಿನ ಪ್ರಯಾಣ? ಊರುಗಳ ನಡುವಿನ ದೂರವನ್ನು ಲೆಕ್ಕ ಹಾಕಿಕೊಡುವ ಅಂತರಜಾಲ ತಾಣಗಳಿಗೆ ಈ ಪ್ರಶ್ನೆ ಹಾಕಿದರೆ ಕ್ಷಣಮಾತ್ರದಲ್ಲಿ ಉತ್ತರ ಸಿಗುತ್ತದೆ. ದೂರ ಸುಮಾರು 39 ಕಿಲೋಮೀಟರ್, ಹಾರಾಟದ ಅವಧಿ ಕೆಲವೇ ನಿಮಿಷ. ಆದರೆ ಹಿರಿಯೂರಿನಲ್ಲಿ ವಿಮಾನ ಏರುವಂತಿಲ್ಲ, ಹೊಸದುರ್ಗದಲ್ಲಿ ಇಳಿಯುವಂತಿಲ್ಲ. ಚಿತ್ರದುರ್ಗ ಜಿಲ್ಲೆಯ ಯಾವ ತಾಲ್ಲೂಕಿನಲ್ಲೂ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ.

ಹಾಗೆಂದು ಆ ಅಂಕಿ ಸುಳ್ಳಲ್ಲ. ಅದು ಬೇರೊಂದು ಪ್ರಶ್ನೆಗೆ ನೀಡಿದ ಉತ್ತರ, ಅಷ್ಟೆ. ಎರಡು ಊರುಗಳ ನಡುವೆ ಭೂಮಿಯ ಮೇಲ್ಮೈಗುಂಟ ನೇರವಾಗಿ ದಾರ ಹಿಡಿದರೆ ಅದರ ಉದ್ದವೆಷ್ಟು ಎಂಬುದನ್ನು ಮಾತ್ರ ಅದು ತಿಳಿಸುತ್ತದೆ. ಆ ದಾರದ ಕೆಳಗೆ ಬೆಟ್ಟವಿದೆಯೇ, ಜಲಾಶಯವಿದೆಯೇ, ಬಸ್ಸು ಹೋಗುತ್ತದೆಯೇ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ಪಟ್ಟಣಗಳ ಮಟ್ಟಿಗೆ ಈ ಸಂಗತಿಗಳೇ ಪ್ರಯಾಣದ ಅವಧಿಯನ್ನು ನಿರ್ಧರಿಸುತ್ತವೆ.

ಲೆಕ್ಕ ಹೇಗೆ?

ನೇರ ದೂರದ ಲೆಕ್ಕಕ್ಕೆ ಎರಡೂ ಊರುಗಳ ಅಕ್ಷಾಂಶ, ರೇಖಾಂಶಗಳು ಗೊತ್ತಿದ್ದರೆ ಸಾಕು. ಉತ್ತರ–ದಕ್ಷಿಣವಾಗಿ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ಪೂರ್ವ–ಪಶ್ಚಿಮವಾಗಿ ಒಂದು ಡಿಗ್ರಿಯ ದೂರ ಸಮಭಾಜಕ ವೃತ್ತದಿಂದ ಮೇಲಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಚಿತ್ರದುರ್ಗ ಇರುವ 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ ಅದು ಸುಮಾರು 108 ಕಿ.ಮೀ. ಹಿರಿಯೂರು 13.95 ಡಿಗ್ರಿ ಉತ್ತರ, 76.62 ಡಿಗ್ರಿ ಪೂರ್ವದಲ್ಲಿದ್ದರೆ, ಹೊಸದುರ್ಗ 13.80 ಡಿಗ್ರಿ ಉತ್ತರ, 76.28 ಡಿಗ್ರಿ ಪೂರ್ವದಲ್ಲಿದೆ. ವ್ಯತ್ಯಾಸವನ್ನು ಕಿ.ಮೀ.ಗೆ ಪರಿವರ್ತಿಸಿದರೆ ದಕ್ಷಿಣಕ್ಕೆ 16, ಪಶ್ಚಿಮಕ್ಕೆ 36. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಸೂತ್ರವನ್ನು ಅನ್ವಯಿಸಿದರೆ 39 ಕಿ.ಮೀ. ದೊರೆಯುತ್ತದೆ. ಇಷ್ಟು ಸಣ್ಣ ದೂರಕ್ಕೆ ಭೂಮಿಯ ಗೋಳಾಕಾರವನ್ನು ಗಣನೆಗೆ ತೆಗೆದುಕೊಂಡರೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರುವುದಿಲ್ಲ.

ಹಾರಾಟದ ಅವಧಿ ಇನ್ನೂ ಸುಲಭ. ದೂರವನ್ನು ವಿಮಾನದ ವೇಗದಿಂದ ಭಾಗಿಸಿದರಾಯಿತು. ಶಿವಮೊಗ್ಗದಂಥ ಊರುಗಳಿಗೆ ಬರುವ ಎಟಿಆರ್ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಹಾರುತ್ತದೆ, ಆ ಪ್ರಕಾರ ಐದು ನಿಮಿಷವೂ ಬೇಡ. ತರಬೇತಿಗೆ ಬಳಸುವ ಒಂದೇ ಎಂಜಿನ್ನಿನ ಸಣ್ಣ ವಿಮಾನವಾದರೆ ಹತ್ತು, ಹನ್ನೊಂದು ನಿಮಿಷ. ಕೆಲವು ತಾಣಗಳು ಏರುವ, ಇಳಿಯುವ ಅವಧಿಯೆಂದು ಅರ್ಧ ಗಂಟೆ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಒಂದೇ ಜೋಡಿ ಊರುಗಳಿಗೆ ಒಂದು ಕಡೆ ಮೂರು ನಿಮಿಷ, ಇನ್ನೊಂದು ಕಡೆ ಮೂವತ್ತಮೂರು ನಿಮಿಷ ಎಂದು ಕಾಣುವುದಕ್ಕೆ ಕಾರಣ ಇದೇ.

ಹೆಸರಿನ ಗೊಂದಲವೂ ಇದೆ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕಾಞಂಗಾಡಿನಲ್ಲಿ, ಕೆಳದಿ ಅರಸರ ಕೋಟೆಯಿರುವ ಇನ್ನೊಂದು ಹೊಸದುರ್ಗವಿದೆ. ಅಲ್ಲಿನ ಒಂದು ತಾಲ್ಲೂಕಿನ ಹೆಸರೂ ಅದೇ. ಗಣಕ ಆ ಹೊಸದುರ್ಗವನ್ನು ಹಿಡಿದುಕೊಂಡರೆ ಹಿರಿಯೂರಿನಿಂದ ದೂರ 39ರ ಬದಲು 245 ಕಿ.ಮೀ. ಆಸುಪಾಸು ಬರುತ್ತದೆ. ಉತ್ತರ ವಿಚಿತ್ರವಾಗಿ ಕಂಡರೆ ಮೊದಲು ಜಿಲ್ಲೆಯ ಹೆಸರನ್ನು ನೋಡುವುದು ಒಳಿತು.

ನಾಲ್ಕು ಪಟ್ಟಣ, ಆರು ದಾರಿ

ನಾಲ್ಕು ಪಟ್ಟಣಗಳ ನಡುವೆ ಒಟ್ಟು ಆರು ಜೋಡಿಗಳಾಗುತ್ತವೆ. ನೇರ ದೂರ ಹಾಗೂ ರಸ್ತೆಯ ಅಂದಾಜು ದೂರ ಹೀಗಿದೆ:

ಚಿತ್ರದುರ್ಗ–ಹಿರಿಯೂರು: ನೇರ 39 ಕಿ.ಮೀ., ರಸ್ತೆ ಸುಮಾರು 40
ಚಿತ್ರದುರ್ಗ–ಹೊಳಲ್ಕೆರೆ: ನೇರ 31, ರಸ್ತೆ 35ರೊಳಗೆ
ಚಿತ್ರದುರ್ಗ–ಹೊಸದುರ್ಗ: ನೇರ 49, ರಸ್ತೆ ಸುಮಾರು 60
ಹೊಳಲ್ಕೆರೆ–ಹೊಸದುರ್ಗ: ನೇರ 29, ರಸ್ತೆ 30ಕ್ಕೂ ಹೆಚ್ಚು
ಹಿರಿಯೂರು–ಹೊಸದುರ್ಗ: ನೇರ 39, ರಸ್ತೆ ಸುಮಾರು 50
ಹಿರಿಯೂರು–ಹೊಳಲ್ಕೆರೆ: ನೇರ 48, ಚಿತ್ರದುರ್ಗದ ಮೂಲಕ ಸುಮಾರು 75

ಹೊಸದುರ್ಗಕ್ಕೆ ಹಿಡಿಯುವ ದಾರಿಯನ್ನು ಅವಲಂಬಿಸಿ ಐದಾರು ಕಿ.ಮೀ. ಹೆಚ್ಚುಕಡಿಮೆ ಆಗಬಹುದು.

ಮೊದಲ ಹಾಗೂ ಐದನೆಯ ಸಾಲನ್ನು ಒಟ್ಟಿಗೆ ಗಮನಿಸಬೇಕು. ಹಿರಿಯೂರಿನಿಂದ ಚಿತ್ರದುರ್ಗವೂ ಹೊಸದುರ್ಗವೂ ನಕ್ಷೆಯಲ್ಲಿ ಒಂದೇ ದೂರದಲ್ಲಿವೆ. ಆದರೆ ಚಿತ್ರದುರ್ಗಕ್ಕೆ ಕಾರಿನಲ್ಲಿ ಮುಕ್ಕಾಲು ಗಂಟೆ ಸಾಕು. ಹೊಸದುರ್ಗಕ್ಕೆ ಒಂದು ಗಂಟೆಗೆ ಕಡಿಮೆಯಿಲ್ಲ. ಊರೂರಿನಲ್ಲಿ ನಿಲ್ಲುವ ಬಸ್ಸಾದರೆ ಅಂತರ ಇನ್ನೂ ಹಿಗ್ಗುತ್ತದೆ. ಬೆಂಗಳೂರು–ಹುಬ್ಬಳ್ಳಿ ಕಡೆಯ ಬಸ್ಸುಗಳೆಲ್ಲ ಹಿರಿಯೂರು–ಚಿತ್ರದುರ್ಗದ ನಡುವಿನ ಹೆದ್ದಾರಿಯಲ್ಲೇ ಸಾಗುವುದರಿಂದ ಅಲ್ಲಿ ಬಸ್ಸಿಗಾಗಿ ಹೆಚ್ಚು ಹೊತ್ತು ಕಾಯಬೇಕಿಲ್ಲ. ಹೊಸದುರ್ಗದ ದಾರಿಗೆ ಆ ಅನುಕೂಲವಿಲ್ಲ.

ಬೆಟ್ಟ, ಕಣಿವೆ, ಕಟ್ಟೆ

ಈ ವ್ಯತ್ಯಾಸಕ್ಕೆ ಮೂಲ ಕಾರಣ ಜಿಲ್ಲೆಯ ನಡುವೆ ವಾಯವ್ಯದಿಂದ ಆಗ್ನೇಯಕ್ಕೆ ಹಾದುಹೋಗುವ ಬೆಟ್ಟಸಾಲು. ಚಿತ್ರದುರ್ಗದ ಕೋಟೆಯ ಹಿಂದೆ ಏಳುವ ಜೋಗಿಮಟ್ಟಿ, ಈಗ ಗಾಳಿಯಂತ್ರಗಳನ್ನು ಹೊತ್ತು ನಿಂತಿರುವ ಗುಡ್ಡಗಳು, ದಕ್ಷಿಣದಲ್ಲಿ ಮಾರಿಕಣಿವೆಯ ಬೆಟ್ಟಗಳು ಇದೇ ಸಾಲಿಗೆ ಸೇರಿದವು. ಹಿರಿಯೂರು ಈ ಸಾಲಿನ ಪೂರ್ವಕ್ಕಿದೆ. ಹೊಳಲ್ಕೆರೆ, ಹೊಸದುರ್ಗಗಳು ಪಶ್ಚಿಮಕ್ಕಿವೆ. ರಾಷ್ಟ್ರೀಯ ಹೆದ್ದಾರಿ ಸಾಲಿನ ಪೂರ್ವದ ಬಯಲನ್ನೇ ಹಿಡಿದು ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುತ್ತದೆ. ಅಡ್ಡಿಯಿಲ್ಲದ ನೆಲವಾದ್ದರಿಂದ ರಸ್ತೆಯ ದೂರಕ್ಕೂ ನೇರ ದೂರಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಪೂರ್ವದಿಂದ ಪಶ್ಚಿಮಕ್ಕೆ ದಾಟಬೇಕಾದವರ ಪಾಡು ಬೇರೆ. ಹೊಸದುರ್ಗ ತಾಲ್ಲೂಕಿನ ಕಡೆಯಿಂದ ಹರಿದು ಬರುವ ವೇದಾವತಿ ನದಿ ಈ ಬೆಟ್ಟಸಾಲನ್ನು ಸೀಳಿಕೊಂಡು ಹಿರಿಯೂರಿನತ್ತ ಹೊರಬೀಳುವ ಇಕ್ಕಟ್ಟಾದ ಜಾಗವೇ ಮಾರಿಕಣಿವೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಅಣೆಕಟ್ಟೆಯನ್ನು ಎರಡು ಬೆಟ್ಟಗಳ ನಡುವಿನ ಈ ಕಂಡಿಗೇ ಅಡ್ಡಲಾಗಿ ಕಟ್ಟಲಾಗಿದೆ. ಎಂಜಿನಿಯರುಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಆದರೆ ಬೆಟ್ಟವನ್ನು ದಾಟಲು ಪ್ರಕೃತಿ ಬಿಟ್ಟಿದ್ದ ಬಾಗಿಲನ್ನು ನೀರು ತುಂಬಿಕೊಂಡಿತು. ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯ ಹಿರಿಯೂರು ಹಾಗೂ ಹೊಸದುರ್ಗಗಳ ನಡುವೆಯೇ ಹರಡಿಕೊಂಡಿದೆ. ದಾರಿ ಅದರ ಅಂಚನ್ನು ಬಳಸಿಯೇ ಹೋಗಬೇಕು. ನಕ್ಷೆಯ ನೇರ ಗೆರೆಗೂ ರಸ್ತೆಗೂ ನಡುವಿನ ಹತ್ತು, ಹನ್ನೆರಡು ಕಿ.ಮೀ. ವ್ಯತ್ಯಾಸಕ್ಕೆ ಇದು ಮುಖ್ಯ ಕಾರಣ.

1933ರಲ್ಲಿ ಕೋಡಿ ಬಿದ್ದ ಬಳಿಕ ಈ ಜಲಾಶಯ ಮತ್ತೆ ತುಂಬಿ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. 2025ರ ಜನವರಿಯಲ್ಲಿ ಮತ್ತೊಮ್ಮೆ ಗರಿಷ್ಠ ಮಟ್ಟವಾದ 130 ಅಡಿ ತಲುಪಿತು. ಹಿರಿಯೂರಿನ ಜನ ಬಾಗಿನ ಅರ್ಪಿಸುವ ಸಂಭ್ರಮದಲ್ಲಿದ್ದರೆ, ಹಿನ್ನೀರಿನ ಅಂಚಿನಲ್ಲಿರುವ ಹೊಸದುರ್ಗ ತಾಲ್ಲೂಕಿನ ರೈತರಿಗೆ ಜಮೀನಿಗೆ ನೀರು ನುಗ್ಗುವ ಆತಂಕ. ಒಂದೇ ಜಲಾಶಯವನ್ನು ಎರಡು ಪಟ್ಟಣಗಳು ಎರಡು ದಿಕ್ಕಿನಿಂದ ನೋಡುತ್ತವೆ.

ಹೆದ್ದಾರಿಯ ಊರು, ಹೆದ್ದಾರಿಯಾಚೆಯ ಊರು

ಬೆಂಗಳೂರಿನಿಂದ ಹಿರಿಯೂರಿಗೆ ಸುಮಾರು 160, ಚಿತ್ರದುರ್ಗಕ್ಕೆ ಸುಮಾರು 200 ಕಿ.ಮೀ. ಹಿಂದೆ 4ನೇ ಸಂಖ್ಯೆ ಹೊಂದಿದ್ದ ಈ ಹೆದ್ದಾರಿಗೆ 2010ರ ಮರುಸಂಖ್ಯೀಕರಣದ ನಂತರ 48 ಎಂಬ ಸಂಖ್ಯೆ ಬಂದಿದೆ, ಆದರೂ ಜನರ ಬಾಯಲ್ಲಿ ಅದಿನ್ನೂ ‘ಎನ್‌ಎಚ್ ಫೋರ್’. ಬಳ್ಳಾರಿ, ಚಳ್ಳಕೆರೆ ಕಡೆಯಿಂದ ಹುಳಿಯಾರು, ಮೈಸೂರು, ಚಾಮರಾಜನಗರದತ್ತ ಸಾಗುವ 150ಎ ಹೆದ್ದಾರಿ ಹಿರಿಯೂರಿನಲ್ಲಿ ಇದನ್ನು ಹಾಯುತ್ತದೆ. ಹೊಸಪೇಟೆ ಕಡೆಯಿಂದ ಬರುವ 50ನೇ ಹೆದ್ದಾರಿ ಚಿತ್ರದುರ್ಗವನ್ನು ಸೇರುತ್ತದೆ. ಹೊಳಲ್ಕೆರೆಗೆ ಚಿತ್ರದುರ್ಗ–ಶಿವಮೊಗ್ಗ ನಡುವಿನ 369ನೇ ಹೆದ್ದಾರಿಯ ಆಸರೆಯಿದೆ. ಕೊನೆಯ ಎರಡೂ ಹಿಂದಿನ 13ನೇ ಹೆದ್ದಾರಿಯ ತುಂಡುಗಳು.

ಚಿತ್ರದುರ್ಗದಿಂದ ಬೆಂಗಳೂರಿಗೆ ನೇರ ದೂರ 189 ಕಿ.ಮೀ. ಅಂದರೆ ಇನ್ನೂರು ಕಿ.ಮೀ. ದಾರಿಯಲ್ಲಿ ಸುತ್ತು ಕೇವಲ ಹನ್ನೊಂದು, ಹನ್ನೆರಡು ಕಿ.ಮೀ. ಇಷ್ಟು ನೇರವಾದ ಹೆದ್ದಾರಿಯಲ್ಲಿ ವೇಗವೇ ಅಪಾಯವೂ ಹೌದು. ರಾತ್ರಿ ಬಸ್ಸುಗಳ ಸಾಲು ಈ ರಸ್ತೆಯ ನಿತ್ಯದ ನೋಟ. 2020ರ ಆಗಸ್ಟ್ 12ರ ಮುಂಜಾನೆ ವಿಜಯಪುರದಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಹಿರಿಯೂರು ತಾಲ್ಲೂಕಿನ ಕೆ.ಆರ್.ಹಳ್ಳಿ ಬಳಿ ಬೆಂಕಿಗೆ ಆಹುತಿಯಾಗಿ ಐವರು ಪ್ರಾಣ ಕಳೆದುಕೊಂಡರು.

ರೈಲಿನ ಸುತ್ತು

ರೈಲಿನ ಲೆಕ್ಕ ತಲೆಕೆಳಗು. ಹೆದ್ದಾರಿಯ ಮಗ್ಗುಲಿನ ಹಿರಿಯೂರಿಗೆ ರೈಲಿಲ್ಲ. ಹೆದ್ದಾರಿಯಿಂದ ದೂರವಿರುವ ಪಶ್ಚಿಮದ ತಾಲ್ಲೂಕುಗಳಲ್ಲಿ ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗವೇ ಹಾದುಹೋಗುತ್ತದೆ. ಈ ಮಾರ್ಗದ ಚಿಕ್ಕಜಾಜೂರು ಜಂಕ್ಷನ್ ಹೊಳಲ್ಕೆರೆ ತಾಲ್ಲೂಕಿನಲ್ಲಿದ್ದು, ಚಿತ್ರದುರ್ಗಕ್ಕೆ ಕವಲು ಹೊರಡುವುದು ಅಲ್ಲಿಂದಲೇ. ಇನ್ನು ‘ಹೊಸದುರ್ಗ ರೋಡ್’ ನಿಲ್ದಾಣದ ಹೆಸರೇ ಪ್ರಯಾಣಿಕರಿಗೊಂದು ಎಚ್ಚರಿಕೆ. ಊರಿಗೆ ಹೋಗುವ ರಸ್ತೆ ಇಲ್ಲಿ ಸಿಗುತ್ತದೆ, ಊರು ಇಲ್ಲಿಲ್ಲ ಎಂಬುದನ್ನು ಸೂಚಿಸಲು ಬ್ರಿಟಿಷರ ಕಾಲದ ರೈಲ್ವೆ ಕಂಪನಿಗಳು ಹೀಗೆ ‘ರೋಡ್’ ಸೇರಿಸುತ್ತಿದ್ದವು. ಪಟ್ಟಣ ತಲುಪಲು ಅಲ್ಲಿಂದ ಮತ್ತೆ ವಾಹನ ಹಿಡಿಯಬೇಕು.

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ರೈಲಿನಲ್ಲಿ ಬರುವವರು ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಸುತ್ತಿಕೊಂಡು ಸುಮಾರು 300 ಕಿ.ಮೀ. ಕ್ರಮಿಸಬೇಕು. ರಸ್ತೆಗಿಂತ ನೂರು ಕಿ.ಮೀ. ಹೆಚ್ಚು. 2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಇದೇ ಮಾರ್ಗದಲ್ಲಿ ಜಿಲ್ಲೆಯನ್ನು ಹಾದುಹೋದರೂ, ಆರಂಭದಲ್ಲಿ ನೀಡಲಾದ ನಿಲುಗಡೆಗಳಲ್ಲಿ ಜಿಲ್ಲೆಯ ಒಂದು ನಿಲ್ದಾಣವೂ ಇರಲಿಲ್ಲ.

ತುಮಕೂರಿನಿಂದ ಸಿರಾ, ಹಿರಿಯೂರು, ಚಿತ್ರದುರ್ಗ, ಭರಮಸಾಗರದ ಮೂಲಕ ದಾವಣಗೆರೆಗೆ ನೇರ ಮಾರ್ಗ ನಿರ್ಮಿಸುವ ಯೋಜನೆಗೆ 2011–12ರಲ್ಲಿ ಮಂಜೂರಾತಿ ದೊರೆಯಿತು. ಸುಮಾರು 191 ಕಿ.ಮೀ. ಉದ್ದದ ಈ ಮಾರ್ಗ ಪೂರ್ಣಗೊಂಡರೆ ಬೆಂಗಳೂರು–ಹುಬ್ಬಳ್ಳಿ ನಡುವಿನ ರೈಲು ದೂರ ಸುಮಾರು 65 ಕಿ.ಮೀ. ತಗ್ಗುತ್ತದೆ. ಭೂಸ್ವಾಧೀನವೇ ವರ್ಷಗಟ್ಟಲೆ ಎಳೆಯಿತು. ಇದರ ಲಾಭ ಹಿರಿಯೂರು, ಚಿತ್ರದುರ್ಗಗಳಿಗೆ. ಹೊಸದುರ್ಗ, ಹೊಳಲ್ಕೆರೆಗಳಿಗೆ ಹಳೆಯ ಮಾರ್ಗವೇ ಗತಿ; ನೇರ ದಾರಿ ಸಿದ್ಧವಾದ ಮೇಲೆ ದೂರದ ರೈಲುಗಳು ಎಷ್ಟರ ಮಟ್ಟಿಗೆ ಹಳೆಯ ಮಾರ್ಗದಲ್ಲಿ ಉಳಿಯುತ್ತವೆ ಎಂಬುದು ಆ ಭಾಗದವರು ಈಗಲೇ ಕೇಳಬೇಕಾದ ಪ್ರಶ್ನೆ.

ವಿಮಾನ ಹಿಡಿಯುವುದಾದರೆ

ಹತ್ತಿರದ ಊರುಗಳ ನಡುವೆ ವಿಮಾನ ಹಾರುವುದೇ ಇಲ್ಲ ಎಂದಲ್ಲ. ಸ್ಕಾಟ್ಲೆಂಡಿನ ಉತ್ತರ ತುದಿಯಾಚೆಯ ಆರ್ಕ್ನಿ ದ್ವೀಪಸ್ತೋಮದಲ್ಲಿ ವೆಸ್ಟ್ರೆ ಹಾಗೂ ಪಾಪಾ ವೆಸ್ಟ್ರೆ ದ್ವೀಪಗಳ ನಡುವಿನ ವಿಮಾನಯಾನದ ದೂರ ಮೂರು ಕಿ.ಮೀ. ಕೂಡ ಇಲ್ಲ. ಹಾರಾಟ ಎರಡು ನಿಮಿಷದೊಳಗೆ ಮುಗಿಯುತ್ತದೆ. 1967ರಲ್ಲಿ ಆರಂಭವಾದ ಇದು ಜಗತ್ತಿನ ಅತಿ ಚಿಕ್ಕ ನಿಯಮಿತ ವಿಮಾನಯಾನವೆಂದು ಹೆಸರಾಗಿದೆ. ಅಲ್ಲಿ ನಡುವೆ ಸಮುದ್ರವಿದೆ, ರಸ್ತೆಯಿಲ್ಲ. ಉತ್ತರದ ಹಿಮಪ್ರದೇಶದ ಒಂಟಿ ಊರುಗಳಲ್ಲೂ ವಿಮಾನವೇ ಬಸ್ಸು. ಡಾಂಬರು ರಸ್ತೆಯಿರುವ ಕಡೆ ಐವತ್ತು ಕಿ.ಮೀ.ಗೆ ವಿಮಾನ ಓಡಿಸಿದರೆ ಇಂಧನದ ಖರ್ಚೂ ಹುಟ್ಟುವುದಿಲ್ಲ.

ಹೀಗಾಗಿ ನಾಲ್ಕೂ ಪಟ್ಟಣಗಳವರಿಗೆ ನಿಜವಾಗಿ ಬೇಕಾದ ಮಾಹಿತಿ ಸಮೀಪದ ವಿಮಾನ ನಿಲ್ದಾಣ ಯಾವುದೆಂಬುದು. ಶಿವಮೊಗ್ಗದ ಸೋಗಾನೆಯಲ್ಲಿರುವ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡಿತು. ಬೆಂಗಳೂರಿನಿಂದ ಮೊದಲ ವಾಣಿಜ್ಯ ವಿಮಾನ ಬಂದಿಳಿದದ್ದು ಅದೇ ವರ್ಷದ ಆಗಸ್ಟ್ 31ರಂದು. ಅದು ಹೊಳಲ್ಕೆರೆಯಿಂದ ನೇರ ದೂರದಲ್ಲಿ 65, ಹೊಸದುರ್ಗದಿಂದ 72, ಚಿತ್ರದುರ್ಗದಿಂದ 95 ಕಿ.ಮೀ. ತೋರಣಗಲ್ಲಿನ ಜಿಂದಾಲ್ ವಿದ್ಯಾನಗರ ನಿಲ್ದಾಣ ಚಿತ್ರದುರ್ಗದಿಂದ ನೇರವಾಗಿ 108 ಕಿ.ಮೀ. ಹಿರಿಯೂರಿನವರಿಗೆ ನಕ್ಷೆಯ ಪ್ರಕಾರ ಸೋಗಾನೆಯೇ ಹತ್ತಿರ (109 ಕಿ.ಮೀ.), ದೇವನಹಳ್ಳಿ 144 ಕಿ.ಮೀ. ಆದರೂ ಅವರು ಹೊರಡುವುದು ದೇವನಹಳ್ಳಿಗೇ. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ದೊಡ್ಡಬಳ್ಳಾಪುರದ ಮೂಲಕ ಸಾಗಿದರೆ ಬೆಂಗಳೂರು ನಗರದ ದಟ್ಟಣೆಯ ಗೋಜಿಲ್ಲದೆ ಸುಮಾರು 170 ಕಿ.ಮೀ.ಯಲ್ಲಿ ನಿಲ್ದಾಣ ಸೇರಬಹುದು. ಬೆಟ್ಟ ದಾಟುವ ಪ್ರಶ್ನೆಯೇ ಇಲ್ಲ.

ಹೊಳಲ್ಕೆರೆಯವರೊಬ್ಬರು ಬೆಂಗಳೂರಿಗೆ ವಿಮಾನದಲ್ಲೇ ಹೋಗಬೇಕೆಂದುಕೊಂಡರೆ ಲೆಕ್ಕ ಹೀಗಾಗುತ್ತದೆ: ಸೋಗಾನೆಗೆ ರಸ್ತೆಯಲ್ಲಿ ಸುಮಾರು ಎರಡು ಗಂಟೆ, ತಪಾಸಣೆಗೆಂದು ಮುಂಚಿತವಾಗಿ ಒಂದು ಗಂಟೆ, ಹಾರಾಟ ಒಂದು ಗಂಟೆಗೆ ಮೇಲೆ ಹತ್ತು ನಿಮಿಷ, ದೇವನಹಳ್ಳಿಯಿಂದ ನಗರದೊಳಕ್ಕೆ ಮತ್ತೊಂದು ಗಂಟೆ. ಒಟ್ಟು ಐದು ಗಂಟೆ ದಾಟುತ್ತದೆ. ಚಿತ್ರದುರ್ಗದ ಮೂಲಕ ಕಾರಿನಲ್ಲಿ ಹೊರಟವರು ನಾಲ್ಕೂವರೆ ಗಂಟೆಯಲ್ಲಿ ಬೆಂಗಳೂರು ಸೇರಿರುತ್ತಾರೆ. ಶಿವಮೊಗ್ಗದ ನಿಲ್ದಾಣ ಈ ಭಾಗದವರಿಗೆ ಉಪಯೋಗಕ್ಕೆ ಬರುವುದು ಹೈದರಾಬಾದಿನಂಥ ದೂರದ ಊರುಗಳಿಗೆ ಮಾತ್ರ.

ಜನರಿಲ್ಲದ ವಿಮಾನಗಳು

ವಿಮಾನ ನಿಲ್ದಾಣವಿಲ್ಲದಿದ್ದರೂ ಜಿಲ್ಲೆಯಲ್ಲಿ ಓಡುದಾರಿಯೊಂದಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ, ಹಿಂದೆ ಅಮೃತಮಹಲ್ ಕಾವಲಾಗಿದ್ದ ಹುಲ್ಲುಗಾವಲಿನಲ್ಲಿ, ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಗೊಂಡಿತು. ಇಲ್ಲಿ ಹಾರುವವು ಪೈಲಟ್ ಇಲ್ಲದ ವಿಮಾನಗಳು. ಇಸ್ರೊದ ಮರುಬಳಕೆ ಉಡಾವಣಾ ವಾಹನವನ್ನು 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್ ಮೂಲಕ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಾಗ ಅದು ತಾನಾಗಿಯೇ ಬಂದಿಳಿದದ್ದು ಇದೇ ಓಡುದಾರಿಯ ಮೇಲೆ. ಅದೇ ವರ್ಷದ ಆಗಸ್ಟ್ 20ರಂದು ‘ತಪಸ್’ ಮಾನವರಹಿತ ವಿಮಾನ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿಯ ಹೊಲದಲ್ಲಿ ಬಿದ್ದಾಗ ಊರಿನವರು ಓಡಿ ಹೋಗಿ ನೋಡಿದ್ದೂ ಯಾರೂ ಇಲ್ಲದ ವಿಮಾನವನ್ನೇ. ಸದ್ಯಕ್ಕೆ ಸಾಮಾನ್ಯ ಪ್ರಯಾಣಿಕರಿಗೆ ಈ ಓಡುದಾರಿಯಿಂದ ಪ್ರಯೋಜನವಿಲ್ಲ.

ನಿಮಿಷ ಲೆಕ್ಕಕ್ಕೆ ಬರುವುದೆಲ್ಲಿ?

ಮದುವೆಗೋ ಸಂತೆಗೋ ಹೊರಟವರಿಗೆ ಅರ್ಧ ಗಂಟೆ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಆಸ್ಪತ್ರೆಗೆ ಹೊರಟವರಿಗೆ ಹಾಗಲ್ಲ. ಜಿಲ್ಲಾ ಆಸ್ಪತ್ರೆ ಇರುವುದು ಚಿತ್ರದುರ್ಗದಲ್ಲಿ. 2023ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜೂ ಅಲ್ಲಿಯೇ. ರಾಜ್ಯದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ 108 ಆಂಬುಲೆನ್ಸ್ ಸೇವೆ ಜಾರಿಗೆ ಬಂದಾಗಿನಿಂದ ಅಪಘಾತ, ಹೃದಯಾಘಾತಗಳಲ್ಲಿ ಮೊದಲ ಒಂದು ಗಂಟೆಯ ಮಹತ್ವದ ಮಾತು ಎಲ್ಲರ ಕಿವಿಗೂ ಬಿದ್ದಿದೆ. ಆ ಒಂದು ಗಂಟೆ ನಾಲ್ಕು ಪಟ್ಟಣಗಳಲ್ಲಿ ನಾಲ್ಕು ಬಗೆ.

ಹಿರಿಯೂರು ಪಟ್ಟಣದಿಂದ ಹೊರಟ ಆಂಬುಲೆನ್ಸ್ ಆ ಅವಧಿಯೊಳಗೆ ಚಿತ್ರದುರ್ಗ ಸೇರಬಲ್ಲದು. ಹೊಳಲ್ಕೆರೆಯಿಂದಲೂ ಸಾಧ್ಯ. ಹೊಸದುರ್ಗ ಪಟ್ಟಣದಿಂದ ಒಂದೂಕಾಲು ಗಂಟೆ ಬೇಕು. ಇದು ಪಟ್ಟಣದ ಲೆಕ್ಕ. ಹೊಸದುರ್ಗದಾಚೆ ಶ್ರೀರಾಂಪುರ ಹೋಬಳಿಯ, ಪಟ್ಟಣದಿಂದ ಇಪ್ಪತ್ತು ಕಿ.ಮೀ. ದೂರದ ಹಳ್ಳಿಯೊಂದನ್ನು ತೆಗೆದುಕೊಂಡರೆ ಆಂಬುಲೆನ್ಸ್ ಬರಲು ಅರ್ಧ ಗಂಟೆ, ರೋಗಿಯನ್ನು ತಾಲ್ಲೂಕು ಆಸ್ಪತ್ರೆಗೆ ತರಲು ಅರ್ಧ ಗಂಟೆ, ಪ್ರಥಮ ಚಿಕಿತ್ಸೆಯ ನಂತರ ಜಿಲ್ಲಾ ಕೇಂದ್ರಕ್ಕೆ ಒಂದೂಕಾಲು ಗಂಟೆ. ಎರಡೂಕಾಲು ಗಂಟೆ ಅಲ್ಲಿಗೇ ಮುಗಿಯಿತು. ಹಿರಿಯೂರು ತಾಲ್ಲೂಕಿನ ಪೂರ್ವದಂಚಿನ ಧರ್ಮಪುರ ಹೋಬಳಿಯವರೂ ಹೆದ್ದಾರಿ ತಲುಪುವವರೆಗೆ ಹೊಸದುರ್ಗದವರಷ್ಟೇ ದೂರದವರು. ಹೆದ್ದಾರಿ ಹತ್ತಿದ ಮೇಲೆ ಮಾತ್ರ ಅವರ ದಾರಿ ಚುರುಕಾಗುತ್ತದೆ.

ಹೃದಯದ ಅಥವಾ ಮೆದುಳಿನ ದೊಡ್ಡ ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೇ ಕಳುಹಿಸಬೇಕಾಗಿ ಬಂದರೆ ಚಿತ್ರದುರ್ಗದಿಂದ ಮತ್ತೆ 200 ಕಿ.ಮೀ. ಗಂಟೆಗೆ 220 ಕಿ.ಮೀ. ವೇಗದ ಹೆಲಿಕಾಪ್ಟರ್ ಆದರೆ 189 ಕಿ.ಮೀ. ನೇರ ದಾರಿಗೆ 52 ನಿಮಿಷ ತೆಗೆದುಕೊಳ್ಳುತ್ತದೆ. ಆಂಬುಲೆನ್ಸ್‌ಗೆ ಮೂರರಿಂದ ಮೂರೂವರೆ ಗಂಟೆ. ನೇರ ದೂರದ ಅಂಕಿಗೆ ಬೆಲೆ ಬರುವ ಜಾಗ ಇದೊಂದೇ ಎನ್ನಬಹುದು. ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಅದೇ ಹೆಲಿಕಾಪ್ಟರ್ ಹದಿನಾಲ್ಕು ನಿಮಿಷದಲ್ಲಿ ಬರುತ್ತದೆ, ಆದರೆ ಅದು ಹೊಸದುರ್ಗದಲ್ಲೇ ಸಿದ್ಧವಾಗಿ ನಿಂತಿದ್ದರೆ ಮಾತ್ರ. ಬೆಂಗಳೂರಿನಿಂದ ಹೊರಟು ಬರಬೇಕೆಂದರೆ ಅಷ್ಟರೊಳಗೆ ಆಂಬುಲೆನ್ಸ್ ಹೊಳಲ್ಕೆರೆಯನ್ನು ದಾಟಿರುತ್ತದೆ.